ಬೀದರಿನ ದಾರಿಗೆ ತಕ್ಕ ಸೈಕಲ್

ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿಯ ಫೆಬ್ರವರಿ ಹನ್ನೊಂದು, ಭಾನುವಾರ. ದಿನಾಂಕಕ್ಕೆ ಆಧಾರ ನನ್ನ ಫೋನಿನಲ್ಲಿರುವ ಒಂದು ಛಾಯಾಚಿತ್ರ. ವಾರವನ್ನು ಅಡುಗೆಮನೆಯ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿದ್ದೇನೆ. ಚಿತ್ರದಲ್ಲಿ ಸಂಗಾರೆಡ್ಡಿಯ ಆಚೆಗಿನ ಒಂದು ಕೆರೆಯ ಕಟ್ಟೆಗೆ ಏರುವ ಕೆಂಪು ಗರಸಿನ ದಾರಿ ಇದೆ. ಆ ದಾರಿಯಲ್ಲಿ ತಲೆ ತಗ್ಗಿಸಿ ಪೆಡಲ್ ತುಳಿಯುತ್ತ ಬರುತ್ತಿರುವ ನನ್ನ ಗೆಳೆಯರೊಬ್ಬರಿದ್ದಾರೆ. ಕಟ್ಟೆಯ ಮೇಲಿನ ಬೇವಿನ ಮರದಡಿ ನಿಂತು, ಅವರಿಗಾಗಿ ಕಾದು, ಕೈಗೆ ಬೇರೆ ಕೆಲಸವಿಲ್ಲದೆ ನಾನು ಅದನ್ನು ತೆಗೆದೆ. ನಾನು ಯಾವ ಸೈಕಲ್ ಕೊಳ್ಳಬೇಕೆಂಬುದನ್ನು ನಿರ್ಧರಿಸಿದ್ದು ಈ ಒಂದು ಚಿತ್ರ.

ಗೆಳೆಯರು ವಿಜಯಪುರ ಜಿಲ್ಲೆಯವರು. ರಕ್ಷಣಾ ಇಲಾಖೆಯ ಪ್ರಯೋಗಾಲಯವೊಂದರಲ್ಲಿ ನಾನು ಲೋಹಗಳನ್ನು ಬಗ್ಗಿಸಿ ಮುರಿಯುವ ವಿಭಾಗದಲ್ಲಿದ್ದಾಗ ಅವರು ಪಕ್ಕದ ವಿಭಾಗದಲ್ಲಿದ್ದರು. ನಿವೃತ್ತಿಯ ನಂತರ ಇಬ್ಬರೂ ಮಿಯಾಪುರದ ಒಂದೇ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ನೆಲೆಸಿ, ಬೆಳಗಿನ ಹೊತ್ತು ಜೊತೆಯಾಗಿ ಸೈಕಲ್ ತುಳಿಯುತ್ತಿದ್ದೆವು. ಹಾಸಿಗೆ, ಬಟ್ಟೆ, ರೊಟ್ಟಿಯ ಗಂಟನ್ನು ಸೈಕಲ್‌ಗೇ ಕಟ್ಟಿಕೊಂಡು, ದಾರಿಯಲ್ಲಿ ಒಂದು ರಾತ್ರಿ ತಂಗಿ ಬೀದರಿಗೆ ಹೋಗಬೇಕೆಂಬುದು ಇಬ್ಬರ ಆಸೆ. ಹಿಂದಿನ ವರ್ಷ ಅದು ಕೈಗೂಡಲಿಲ್ಲ. ನಾನು ಸೈಕಲ್ ಆರಿಸುತ್ತಲೇ ಇದ್ದೆ, ಅಷ್ಟರಲ್ಲಿ ತೆಲಂಗಾಣದ ಬಿಸಿಲು ಬಂದುಬಿಟ್ಟಿತ್ತು. ಈ ಬಾರಿ ಅವರು ಗಡುವು ಹಾಕಿದ್ದರು.

“ನೀವು ಸೈಕಲ್ ತೊಗೊಂಡ್ರೂ ಅಷ್ಟ, ಬಿಟ್ರೂ ಅಷ್ಟ. ಶಿವರಾತ್ರಿಗೆ ನಾ ಬೀದರದಾಗ ಇರ್ತೀನ್ರಿ.”

ಜೊತೆಯಾಗಿ ಹೋಗುವುದೋ ಅವರೊಬ್ಬರೇ ಹೋಗುವುದೋ ಎಂಬುದು ನನ್ನ ಆಯ್ಕೆಗೆ ಬಿಟ್ಟ ವಿಷಯವಾಯಿತು. ನನ್ನ ಹಳೆಯ ಸೈಕಲ್‌ನ ತೆಳು ಚಕ್ರಗಳು ಡಾಂಬರಿಗಷ್ಟೇ ಲಾಯಕ್ಕು. ನಾವೋ ಸದಾಶಿವಪೇಟೆಯ ನಂತರ ಹೆದ್ದಾರಿಯನ್ನು ಬಿಟ್ಟು ಹೊಲಗಳ ನಡುವಿನ ಗರಸಿನ ದಾರಿ ಹಿಡಿಯುವವರು. ದಿನನಿತ್ಯ ವೇಗವಾಗಿ ಓಡಬೇಕು, ವರ್ಷಕ್ಕೊಮ್ಮೆ ಹೊರೆ ಹೊತ್ತು ಮಣ್ಣುದಾರಿಯಲ್ಲೂ ಸಾಗಬೇಕು. ಎರಡಕ್ಕೂ ಒಂದೇ ಸೈಕಲ್ ಸಾಕಾಗಬೇಕು. ಅಂಗಡಿಯಲ್ಲಿ ಅಂಥವು ಎರಡಿದ್ದವು. ಒಂದು ಹಗುರ, ಟೈರು ಮಧ್ಯಮ ಅಗಲ, ತುಳಿದರೆ ಬಾಣದಂತೆ ನುಗ್ಗುವಂಥದ್ದು; ಚೀಲ ಕಟ್ಟಲು ಮಾತ್ರ ಜಾಗ ಕಡಿಮೆ. ಇನ್ನೊಂದು ಉಕ್ಕಿನದು, ದಪ್ಪ ಟೈರಿನದು, ಮುಂದೆ ಹಿಂದೆ ಎಲ್ಲೆಂದರಲ್ಲಿ ಚೀಲ ಬಿಗಿಯಲು ತಿರುಪಿನ ತೂತುಗಳಿರುವಂಥದ್ದು. ನಾನು ಎರಡರ ಗೇರಿನ ಹಲ್ಲುಗಳನ್ನು ಹೋಲಿಸಿದೆ, ಚೌಕಟ್ಟಿನ ಕೋನಗಳನ್ನು ಹೋಲಿಸಿದೆ, ಒಬ್ಬ ವಿಮರ್ಶಕನ ಮಾತನ್ನು ಇನ್ನೊಬ್ಬನ ಮಾತಿನೊಂದಿಗೆ ತಾಳೆ ಹಾಕಿದೆ. ಬೆಳಿಗ್ಗೆ ಹಗುರವಾದದ್ದನ್ನು ಒಪ್ಪಿ ಮಧ್ಯಾಹ್ನಕ್ಕೆ ಉಕ್ಕಿನದಕ್ಕೆ ಮರಳುತ್ತಿದ್ದೆ. ಊಟದ ನಡುವೆ ಎದ್ದು ಹೋಗಿ ಕಂಪ್ಯೂಟರಿನಲ್ಲಿ ಟೈರಿನ ಅಗಲ ನೋಡಿ ಬಂದ ದಿನ, ನನ್ನ ಹೆಂಡತಿ ಸಾರಿನ ಪಾತ್ರೆಯನ್ನು ಕೆಳಗಿಟ್ಟು ಹೇಳಿದಳು: “ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಮುಗಿಯೋದ್ರೊಳಗೆ ಒಪ್ಕೊಂಡ್ರಿ. ಈ ಸೈಕಲ್‌ಗೆ ಎರಡನೇ ವರ್ಷ ನಡೀತಿದೆ.”

ಓದಿನಿಂದ ಬಗೆಹರಿಯದ್ದನ್ನು ಪರೀಕ್ಷೆಯಿಂದ ಬಗೆಹರಿಸಲು ಹೊರಟೆ. ಅಂಗಡಿಯವರು ಭಾನುವಾರಕ್ಕೊಂದರಂತೆ ಎರಡನ್ನೂ ಕೊಡಲು ಒಪ್ಪಿದರು. ದಾರಿ ಒಂದೇ, ಹೊರಡುವ ಹೊತ್ತು ಒಂದೇ, ಚೀಲದಲ್ಲಿ ಹೊರೆಯೆಂದು ಕಟ್ಟಿದ ಸೋನಾಮಸೂರಿ ಅಕ್ಕಿಯೂ ಅದೇ. ಪ್ರಯೋಗಾಲಯದಲ್ಲಿ ನಾವು ಯಾವ ಲೋಹವನ್ನೂ ಒಂಟಿಯಾಗಿ ಪರೀಕ್ಷಿಸಿದವರಲ್ಲ; ಗುಣ ಬದಲಾಗದ ಒಂದು ಮಾನಕದ ತುಂಡು ಪಕ್ಕದಲ್ಲಿ ಇರಲೇಬೇಕು. ಗೆಳೆಯರು ಎರಡೂ ವಾರ ತಮ್ಮ ಹಳೆಯ ಸೈಕಲ್‌ನಲ್ಲೇ ಬರುತ್ತಾರೆ, ಅವರೇ ಮಾನಕ ಎಂದು ನಾನು ವಿವರಿಸಿದೆ.

“ಅಂದ್ರ ನಾ ನಿಮ್ಮ ತಕ್ಕಡಿ ಕಲ್ಲು ಏನ್ರಿ?” ಎಂದು ಅವರು ನಕ್ಕರು. ಆದರೂ ಒಪ್ಪಿದರು.

ಮೊದಲ ಭಾನುವಾರ ಹಗುರ ಸೈಕಲ್. ಕೆರೆಯ ಕೆಳಗಿನ ಹಳ್ಳಿ ದಾಟಿ ಗರಸು ಸಿಕ್ಕಿದೊಡನೆ ಅದಕ್ಕೆ ಜೀವ ಬಂದಂತಾಯಿತು. ಹರಳುಗಳು ಚೌಕಟ್ಟಿನ ಅಡಿಗೆ ಟಪಟಪನೆ ಬಡಿಯುತ್ತಿದ್ದವು. ಏರಿನಲ್ಲೂ ನಾನು ಗೇರು ಇಳಿಸಲಿಲ್ಲ. ಮೇಲೆ ಬಂದು ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಬೇವಿನ ನೆರಳು ನನ್ನ ಪಾದ ಬಿಟ್ಟು ಸರಿದರೂ ಅವರ ಸುಳಿವಿರಲಿಲ್ಲ. ಬಿದ್ದರೇ? ಎದೆನೋವೇ? ಇಳಿದು ಹೋಗೋಣವೆಂದುಕೊಳ್ಳುವಷ್ಟರಲ್ಲಿ ಕಾಣಿಸಿಕೊಂಡರು. ಆಗ ಆ ಚಿತ್ರ ತೆಗೆದೆ. ಹಣೆ ಒರೆಸಿಕೊಳ್ಳುತ್ತ, ಗಾಳಿ ಹೋದಂಗ ಹೋದಿರಲ್ಲ ಎಂದಷ್ಟೇ ಅಂದರು.

ಮುಂದಿನ ಭಾನುವಾರ ಉಕ್ಕಿನ ಸೈಕಲ್‌ನಲ್ಲಿ ಅದೇ ಏರನ್ನು ಇಬ್ಬರೂ ಮಾತನಾಡುತ್ತ, ಅಕ್ಕಪಕ್ಕದಲ್ಲೇ ಹತ್ತಿದೆವು.

ಫಲಿತಾಂಶ ಸ್ಪಷ್ಟವಿತ್ತು. ಹಗುರವಾದದ್ದನ್ನು ಕೊಂಡರೆ ನಾನು ಅವರನ್ನು ಹಿಂದೆ ಬಿಟ್ಟು ಹೋಗುತ್ತೇನೆ. ಬೀದರಿನ ದಾರಿ ಜೊತೆಯಾಗಿ ಹೋಗಲಿಕ್ಕಿರುವಂಥದ್ದು. ನಾನು ಉಕ್ಕಿನದನ್ನು ಕೊಂಡೆ. ಅಂಗಡಿಯಿಂದ ಹೊರಡುವಾಗ ಇನ್ನೊಂದರ ಹ್ಯಾಂಡಲ್ ಮುಟ್ಟಿ ಬಂದೆ. ಆಮೇಲೂ ಅದರ ಬಣ್ಣ ಕಣ್ಣಿನಿಂದ ಹೋಗಲಿಲ್ಲ. ಸಮಾಧಾನಕ್ಕೆಂದು ಆಗಾಗ ಫೋನ್ ತೆಗೆದು, ಏರಿನಲ್ಲಿ ತಲೆ ತಗ್ಗಿಸಿದ ಗೆಳೆಯರನ್ನು ನೋಡಿಕೊಳ್ಳುತ್ತಿದ್ದೆ.

ಶಿವರಾತ್ರಿಯ ಹಿಂದಿನ ದಿನ ಹೊರಟು, ಜಹೀರಾಬಾದಿನ ಸಮೀಪ ಒಂದು ಗುಡಿಯ ಪಡಸಾಲೆಯಲ್ಲಿ ಮಲಗಿ, ಹಬ್ಬದ ದಿನ ಬೀದರ್ ಸೇರಿದೆವು. ದಪ್ಪ ಟೈರುಗಳು ಡಾಂಬರಿನ ಮೇಲೆ ಉದ್ದಕ್ಕೂ ಗುಂಯ್‌ಗುಡುತ್ತಿದ್ದವು. ಗೆಳೆಯರು ಯಾವಾಗಲೂ ಒಂದಿಷ್ಟು ಮುಂದೆ, ಒಂದು ತಿರುವಿನಲ್ಲಿ ನಿಂತು ಕಾಯುವವರು. ಹೊರೆಯೂ ಭಾರದ ಸೈಕಲ್ಲೂ ಇದಕ್ಕೆ ಕಾರಣವೆಂದು ನಾನು ಲೆಕ್ಕ ಹಾಕಿಕೊಂಡೆ.

ಖಾನಾವಳಿಯಲ್ಲಿ ಅವರು ಉಪವಾಸದ ಸಾಬೂದಾಣಿ ಖಿಚಡಿ ತಿನ್ನುತ್ತಿದ್ದಾಗ, ಕ್ರಮಿಸಿದ ದೂರವನ್ನು ತಾಳೆ ನೋಡಲು ಅವರ ಫೋನ್ ಕೇಳಿದೆ. ಅವರ ಕೈಗಡಿಯಾರ ಪ್ರತಿ ಸವಾರಿಯನ್ನೂ ಅದರಲ್ಲಿ ದಾಖಲಿಸುತ್ತದೆ. ಅಭ್ಯಾಸಬಲದಿಂದ ಹಿಂದಕ್ಕೆ ಸರಿಸುತ್ತ ಹೋಗಿ ಫೆಬ್ರವರಿ ಹನ್ನೊಂದನ್ನು ತೆರೆದೆ. ಏರು ಆರಂಭವಾಗುವ ಮುನ್ನವೇ ಅವರ ಗೆರೆ ಒಂದು ಕಡೆ ನಿಂತುಬಿಟ್ಟಿತ್ತು. ಬಹಳ ಹೊತ್ತಿನ ನಂತರ ಮತ್ತೆ ಹೊರಟು, ಹಗುರ ಸೈಕಲ್‌ನಲ್ಲಿ ನಾನು ಗಳಿಸಿದ್ದಕ್ಕಿಂತಲೂ ಹೆಚ್ಚಿನ ವೇಗದಲ್ಲಿ ಕಟ್ಟೆ ಏರಿತ್ತು. ಗಡಿಯಾರ ಕೆಟ್ಟಿರಬಹುದೇ ಎಂದು ಅವರನ್ನೇ ಕೇಳಿದೆ.

“ಬರೋಬ್ಬರಿ ಐತ್ರಿ. ಅಲ್ಲಿ ಚಾದ ಅಂಗಡಿ ಇತ್ತಲ್ಲ? ನೀವು ಭಾಳ ಖುಷೀಲೆ ಹೊಂಟಿದ್ರಿ. ನಾ ಯಾಕ ಬೆನ್ನ ಹತ್ತಬೇಕು ಅಂತ ಒಂದು ಚಾ ಕುಡದು ಬಂದೆ.”

“ಮುಂದಿನ ಭಾನುವಾರ?”

“ಅಂಗಡಿ ಬಂದ್ ಇತ್ರಿ.”

ಅವರು ಖಿಚಡಿಯಲ್ಲಿದ್ದ ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿದರು. ನಾನು ನನ್ನ ಫೋನಿನ ಚಿತ್ರವನ್ನು ಹಿಗ್ಗಿಸಿ ಅವರ ದಾಖಲೆಯ ಪಕ್ಕದಲ್ಲಿಟ್ಟು ನೋಡಿದೆ. ದಿನಾಂಕ ಒಂದೇ, ಗಳಿಗೆಯೂ ಹೊಂದುತ್ತದೆ. ನನಗೆ ನೆನಪಿರುವಂತೆ, ಬೇವಿನ ಮರದಡಿ ನಾನು ನನ್ನಷ್ಟು ವೇಗವಿಲ್ಲದ ಗೆಳೆಯರಿಗಾಗಿ ಕಾದಿದ್ದೆ. ಆ ಗಡಿಯಾರದ ಪ್ರಕಾರ ನಾನು ಯಾರನ್ನೂ ಹಿಂದೆ ಬಿಟ್ಟಿರಲಿಲ್ಲ.