ಇಳಿಯುವ ಮುನ್ನ ಟಕ್ ಟಕ್

ದೆವ್ವ, ಶಕುನ, ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ಕಾಫಿ ತರುವ ನೆಪದಲ್ಲಿ ಎದ್ದುಹೋಗುತ್ತಿದ್ದವನು ನಾನು. ಈಗ ಅಂಥದ್ದೇ ಕಥೆ ಹೇಳಲು ಕೂತಿರುವುದು ನನಗೇ ಮುಜುಗರ. ನಂಬಲೇಬೇಕೆಂಬ ಒತ್ತಾಯವಿಲ್ಲ.

ತೊಂಬತ್ತರ ದಶಕದ ಮಾತು. ಅಮೆರಿಕದಲ್ಲಿ ವಿಮಾನ ಹಾರಿಸಲು ಕಲಿತು ಆಸ್ಟ್ರೇಲಿಯಾಕ್ಕೆ ಬಂದಿದ್ದೆ. ಅಮೆರಿಕದಲ್ಲಿ ನಮಗಿಂತ ಮುಂದೆ ಇನ್ನೆರಡು ವಿಮಾನ ಇಳಿಯುವುದಿದ್ದರೂ ನಿಲ್ದಾಣದ ಟವರ್‌ನವರು ನಮಗೂ ಮೊದಲೇ ಇಳಿಯುವ ಅನುಮತಿ ಕೊಟ್ಟುಬಿಡುತ್ತಿದ್ದರು. ಇಲ್ಲಿ ಬ್ರಿಟಿಷ್ ರೀತಿ. ರನ್‌ವೇ ಖಾಲಿಯಾಗುವ ತನಕ ಬರುತ್ತಾ ಇರಿ ಅನ್ನುತ್ತಾರೆ, ಅಷ್ಟೆ. ನೆಲ ಹತ್ತಿರವಾದಂತೆ ನನ್ನ ಅಂಗೈ ಬೆವರುತ್ತಿತ್ತು. ಅನುಮತಿ ಬಂದೊಡನೆ ಎಲ್ಲ ಮುಗಿಯಿತೆಂದು ನಿರಾಳನಾಗಿಬಿಡುತ್ತಿದ್ದೆ.

ಅಡಿಲೇಡ್‌ನಲ್ಲಿ ಇಲ್ಲಿನ ಪದ್ಧತಿ ಕಲಿಸಿದವರು ಮಂಗಳೂರು ಕಡೆಯ ಲಾರೆನ್ಸ್ ಅಂಕಲ್. ಗಲ್ಫ್‌ನಲ್ಲಿ ಬ್ರಿಟಿಷರ ಕೈಕೆಳಗೆ ಪಳಗಿದವರು. ಅನುಮತಿ ಬಂದ ಮೇಲೂ ಕೊನೆ ಗಳಿಗೆಯಲ್ಲಿ ಉಂಗುರ ತೊಟ್ಟ ಬೆರಳಿನಿಂದ ಮುಂದಿನ ಮೀಟರುಗಳ ಹಲಗೆಯನ್ನು ಟಕ್ ಟಕ್ ಎಂದು ಕುಟ್ಟುತ್ತಿದ್ದರು. ರನ್‌ವೇ ಇನ್ನೊಮ್ಮೆ ನೋಡು ಎಂದರ್ಥ.

"ಪರ್ಮಿಷನ್ ಸಿಕ್ಕಿತು ಅಂತ ಕಣ್ಣು ಮುಚ್ಚುವುದಾ ಮಾರಾಯ? ನಿಮ್ಮ ಅಮೆರಿಕದವರು ಬಡಿಸುವ ಮೊದಲೇ ತೇಗುವವರು," ಎಂದು ರೇಗಿಸುವರು. ಪಾಠ ಮುಗಿದರೆ ಅಲ್ಲೇ ಬ್ಲೇರ್ ಅಥಾಲ್ ಬಡಾವಣೆಯ ಅವರ ಮನೆಯಲ್ಲಿ ಆಂಟಿ ಮಾಡಿದ ಮೀನು ಸಾರು. ಪರದೇಶದಲ್ಲಿ ನನಗಿದ್ದ ತವರೆಂದರೆ ಅದೊಂದೇ.

ಆಮೇಲೆ ಪರ್ತ್‌ನಲ್ಲಿ ಕೆಲಸ ಸಿಕ್ಕಿತು, ಸಂಸಾರವೂ ಬೆಳೆಯಿತು. ಒಂದು ಭಾನುವಾರ ಸಣ್ಣ ವಿಮಾನವೊಂದನ್ನು ಬಾಡಿಗೆಗೆ ಪಡೆದು, ಹೆಂಡತಿಯನ್ನು ಪಕ್ಕದಲ್ಲೂ ಪುಟ್ಟ ಮಗಳನ್ನು ಹಿಂದೆಯೂ ಕೂರಿಸಿಕೊಂಡು ಸಮುದ್ರ ತೋರಿಸಿ ಬಂದೆ. ಮರಳುವಾಗ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅನುಮತಿ ಬಂತು. ಹಳೇ ಚಾಳಿ, ಮೈ ಸಡಿಲಾಯಿತು.

ಟಕ್ ಟಕ್.

ಎಂಜಿನ್ ಸದ್ದಿನ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು. ಹೆಂಡತಿಯ ಎರಡೂ ಕೈ ಮಡಿಲ ಚೀಲದ ಮೇಲಿದ್ದವು. ಕಣ್ಣು ಕಿರಿದು ಮಾಡಿ ರನ್‌ವೇ ನೋಡಿದೆ. ಬಿಸಿಲ ಝಳದೊಳಗೆ ಕಾಂಗರೂಗಳ ಗುಂಪೊಂದು ನಡುದಾರಿಯಲ್ಲೇ ನಿಂತಿತ್ತು. ಎಂಜಿನ್‌ಗೆ ಪೂರ್ತಿ ಬಲ ಕೊಟ್ಟು ಮೇಲೇರಿದೆ. ಅವುಗಳ ತಲೆಯ ಮೇಲೆಯೇ ಹಾದುಹೋದೆವು.

"ಡ್ಯಾಡ್, ಹೂ ನಾಕ್ಡ್?" ಹಿಂದಿನಿಂದ ಮಗಳು ಕೇಳಿದಳು.

"ಯಾರು ತಟ್ಟಿದ್ರು? ನಂಗೇನೂ ಕೇಳಿಸ್ಲಿಲ್ವಲ್ಲ," ಎಂದಳು ಹೆಂಡತಿ.

ಇಳಿದ ಮೇಲೆ ಮೆಕ್ಯಾನಿಕ್ ಎಲ್ಲ ತಡಕಿದ. ಒಂದು ಸ್ಕ್ರೂ ಕೂಡ ಸಡಿಲವಿರಲಿಲ್ಲ. ಅಂಕಲ್‌ಗೇ ಏನಾದರೂ ಆಗಿಹೋಯಿತೋ ಎಂಬ ದಿಗಿಲಿನಲ್ಲಿ ಅಡಿಲೇಡ್‌ಗೆ ಫೋನ್ ಮಾಡಿದೆ. ಅವರೇ ಎತ್ತಿಕೊಂಡರು. ಗುಂಡುಕಲ್ಲಿನ ಹಾಗಿದ್ದರು. ನನ್ನ ಮಾತನ್ನೆಲ್ಲ ಕೇಳಿ, "ನಾನು ಆ ಹೊತ್ತಿಗೆ ಇಲ್ಲಿ ಮೀನು ಕೊಯ್ತಾ ಇದ್ದೆ ಮಾರಾಯ," ಎಂದರು. ಆಮೇಲೆ ಮೆಲ್ಲಗೆ, "ಮಗು ಹುಷಾರುಂಟಲ್ಲ?" ಎಂದು ಕೇಳಿದರು. ನನಗೆ ಅಳು ಬಂದುಬಿಟ್ಟಿತು.

ಈಗ ನಾವು ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿದ್ದೇವೆ. ಅಂಕಲ್ ತೀರಿಕೊಂಡು ಬಹಳ ಕಾಲವಾಯಿತು. ಅಷ್ಟು ದಿನ ಕೇಳಿದ ಸದ್ದು ನನ್ನ ಕಿವಿಯಲ್ಲೇ ಉಳಿದಿತ್ತು, ಅದೇ ಆ ಸಂಜೆ ಎಚ್ಚರಿಸಿತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಸದ್ದು ಕೇಳಿಸಿಕೊಂಡ ನನ್ನ ಮಗಳು ಅಂಕಲ್ ಜೊತೆ ಒಮ್ಮೆಯೂ ಹಾರಿರಲಿಲ್ಲ.