ತೋರಿಸುವವನು ಮತ್ತು ಹೊಡೆಯುವವಳು

ಅಡುಗೆಮನೆಯ ಗೋಡೆಯ ಮೇಲೆ ಜಿರಳೆಯೊಂದು ಪ್ರತ್ಯಕ್ಷವಾದ ಕ್ಷಣ ಮನುಷ್ಯಕುಲ ಎರಡಾಗಿ ಒಡೆಯುತ್ತದೆ ಎಂಬುದು ನನ್ನ ಬಹುಕಾಲದ ಅವಲೋಕನ: ತೋರಿಸುವವರು ಮತ್ತು ಹೊಡೆಯುವವರು. ನಾನು ಜನ್ಮತಃ ಮೊದಲ ಪಂಗಡದವನು. ದಹಿಸರಿನ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಜಿರಳೆಯನ್ನು ಪತ್ತೆಹಚ್ಚುವ ಕೀರ್ತಿ ಯಾವತ್ತೂ ನನ್ನದೇ. ತೋರುಬೆರಳನ್ನು ಅದರತ್ತ ನೀಡಿ, ಅದರ ಗತಿ, ದಿಕ್ಕು, ಮೀಸೆಯ ವೈಭವಗಳನ್ನು ವರ್ಣಿಸುತ್ತ ನಾನು ನಿಂತಿರುವಾಗ, ಹಿಡಿಸೂಡಿ ಹಿಡಿದು ಬಂದು ಅದಕ್ಕೆ ಮೋಕ್ಷ ಕರುಣಿಸುವವಳು ನನ್ನ ಹೆಂಡತಿ ಸುಮತಿ. "ಅಲ್ಲೇ ನಿಂತು ಎಂತ ವರ್ಣನೆ ಮಾರಾಯ್ರೆ, ಕಾಲಲ್ಲಿ ಚಪ್ಪಲಿ ಉಂಟಲ್ಲ!" ಎಂದು ಅವಳು ಮದುವೆಯಾದಂದಿನಿಂದ ಕೇಳುತ್ತಿದ್ದಾಳೆ. ಚಪ್ಪಲಿ ಉಂಟು, ನಿಜ. ಆದರೆ ಶ್ರಮವಿಭಜನೆ ಎಂಬುದೊಂದು ಬೇಡವೇ?

ಉದ್ಯೋಗವೂ ನನ್ನ ಸ್ವಭಾವಕ್ಕೆ ತಕ್ಕದ್ದೇ ಒದಗಿತ್ತು. ಮಾಟುಂಗದ ಮುದ್ರಣಾಲಯವೊಂದರಲ್ಲಿ ಕರಡು ನೋಡುತ್ತಿದ್ದೆ. ತಪ್ಪಿಗೆ ಕೆಂಪು ಗುರುತು ಹಾಕುವುದಷ್ಟೇ ನನ್ನ ಪಾಲಿನದು, ತಿದ್ದುವ ಪಾಡು ಬೇರೆಯವರದು. ಲೋಕಲ್ ಹಿಡಿದು ಮನೆಗೆ ಮರಳಿದರೆ ಸೋರುವ ನಲ್ಲಿ, ತೇವ ಹಿಡಿದ ಸೂರು ಇತ್ಯಾದಿಗಳನ್ನು ತೋರಿಸಿ ಕೃತಾರ್ಥನಾಗುತ್ತಿದ್ದೆ. ಪ್ಲಂಬರನನ್ನು ಹುಡುಕಿ ಎಳೆದು ತರುವವಳು ಸುಮತಿ. ಹೀಗಿರುವಾಗ ಅವಳ ಕುತ್ತಿಗೆಯ ಮೇಲೆ ಎದ್ದಿದ್ದ ಗಂಟನ್ನು ಮೊದಲು ಕಂಡವನೂ ನಾನೇ ಎಂದರೆ ನಿಮಗೆ ಆಶ್ಚರ್ಯವಾಗಲಾರದು. ಬೆರಳಿಟ್ಟು ತೋರಿಸಿದೆ. ತೋರಿಸಿ ಹೆದರಿದ್ದು ಅದೇ ಮೊದಲು.

ಪರೇಲಿನ ಆಸ್ಪತ್ರೆಯಲ್ಲಿ ಅದಕ್ಕೆ ಲಿಂಫೋಮಾ ಎಂದರು. ಬಿಳಿ ರಕ್ತಕಣಗಳಲ್ಲೇ ಒಂದು ಜಾತಿಯವು ದಾರಿತಪ್ಪಿ ಬೆಳೆಯುವ ಕ್ಯಾನ್ಸರ್. ನಮ್ಮ ಡಾಕ್ಟರು ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಂಗಳೂರು ಕಡೆಯ ಹುಡುಗಿ. ಕನ್ನಡವನ್ನು ಎಡವುತ್ತಲೇ ಆಡಿದರೂ ಬಿಡುವವಳಲ್ಲ. ವಾರಕ್ಕೊಂದರಂತೆ ನಾಲ್ಕು ಡ್ರಿಪ್ಪುಗಳಲ್ಲಿ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ಎಂಬ ಔಷಧ ಕೊಡುತ್ತೇವೆಂದು ಹೇಳಿ, ತನ್ನೆರಡು ತೋಳುಗಳನ್ನೂ ಮೇಲೆತ್ತಿ ತಾನೇ ಪ್ರತಿಕಾಯವಾಗಿ ನಿಂತಳು.

"ಅಂಕಲ್, ಇದು ಖುದ್ ತಾನೇ ಜಾಸ್ತಿ ಕೊಲ್ಲೋದಿಲ್ಲ. ಈ ಎರಡು ಕೈಯಿಂದ ಖರಾಬ್ ಸೆಲ್ಲನ್ನು ಗಟ್ಟಿ ಹಿಡ್ಕೊಳ್ತದೆ, ಬಸ್, ಅಷ್ಟೇ. ಇದರ ಬಾಲ ಹೊರಗೆ ಇರ್ತದೆ. ಆಂಟಿಯ ಬೇರೆ ಬಿಳಿ ಕಣಗಳು ಬಂದು ಆ ಬಾಲ ಹಿಡೀತಾವೆ. ಆಮೇಲೆ ಆ ಸೆಲ್ಲಿಗೆ ತೂತು ಮಾಡಿ, ಒಳಗೆ ವಿಷ ಹಾಕಿ ಖತಂ!"

ನಾನು ಗಂಭೀರವಾಗಿ ತಲೆಯಾಡಿಸಿದೆ. ಹಾಸಿಗೆಯ ಮೇಲಿದ್ದ ಸುಮತಿ ನಿಟ್ಟುಸಿರಿಟ್ಟಳು. "ಗೊತ್ತಾಯ್ತು ಡಾಕ್ಟ್ರೇ. ನೀವು ತೋರಿಸುವವರನ್ನು ಕಳಿಸ್ತೀರಿ. ಒಳಗೆ ಸಹ ಹೊಡೆಯುವುದು ನಾನೇ!"

ನಕ್ಕೆನಾದರೂ ಒಳಗೊಳಗೇ ಲೆಕ್ಕ ಹಾಕತೊಡಗಿದೆ. ಬೆಕ್ಕಿಗೆ ಗಂಟೆ ಕಟ್ಟಬೇಕೆಂದು ತೋರಿಸಿಕೊಡುವುದಕ್ಕೆ ನನ್ನಂಥ ಪಂಡಿತರು ಬೇಕಾದಷ್ಟು ಸಿಗುತ್ತಾರೆ; ಕಟ್ಟುವವರೇ ಸುಸ್ತಾಗಿದ್ದರೆ? ಇಷ್ಟು ವರ್ಷ ಒಬ್ಬಳೇ ಹೊಡೆದೂ ಹೊಡೆದೂ ಅವಳ ಬಿಳಿ ಕಣಗಳು ಬಳಲಿರಲಾರವೇ? ಪ್ರತಿ ಡ್ರಿಪ್ಪಿಗೆ ಮೊದಲು ಬರುವ ರಕ್ತದ ರಿಪೋರ್ಟನ್ನು ಕನ್ನಡಕ ಏರಿಸಿ ಕರಡಿನಂತೆ ಪರಿಶೀಲಿಸುತ್ತಿದ್ದೆ. ಒಂದು ತಪ್ಪೂ ಸಿಗದಿರಲಿ ಎಂದು ನಾನು ಹಾರೈಸಿ ಓದಿದ ಕಾಗದ ಅದೊಂದೇ. ಮೊದಲ ಡ್ರಿಪ್ಪಿನಂದು ಅವಳಿಗೆ ಚಳಿ ಹತ್ತಿ ಮೈಯೆಲ್ಲ ನಡುಗಿದಾಗ, ಆ ನಡುಕವನ್ನು ನರ್ಸಿಗೆ ಬೆರಳೆತ್ತಿ ತೋರಿಸಿದೆ. ಪಕ್ಕದಲ್ಲೇ ಮಡಿಸಿಟ್ಟಿದ್ದ ಕಂಬಳಿಯನ್ನು ನಾನೇ ಹೊದಿಸಬಹುದಿತ್ತೆಂದು ಹೊಳೆಯುವಷ್ಟರಲ್ಲಿ ನರ್ಸು ಹೊದಿಸಿಯಾಗಿತ್ತು.

ನಾಲ್ಕೂ ಡ್ರಿಪ್ಪು ಮುಗಿದು ಕೆಲವು ವಾರಗಳಾದ ಮೇಲೆ ಡಾಕ್ಟರು ಸ್ಕ್ಯಾನ್ ನೋಡಿ, ಸುಮತಿಯ ಕುತ್ತಿಗೆಯನ್ನು ಮುಟ್ಟಿ ಪರೀಕ್ಷಿಸಿ ನನ್ನ ಕಡೆ ತಿರುಗಿದಳು.

"ಅಂಕಲ್, ಗಾಂಠ್ ಎಲ್ಲಿತ್ತು, ತೋರಿಸಿ."

ತೋರಿಸುವ ಕೆಲಸ ತಾನೇ? ಆತ್ಮವಿಶ್ವಾಸದಿಂದ ಬೆರಳು ಚಾಚಿದೆ. ಕಿವಿಯ ಕೆಳಗೆ ನೋಡಿದೆ, ಇಲ್ಲ. ಸ್ವಲ್ಪ ಕೆಳಗೆ ಸರಿದೆ, ಕರಿಮಣಿ ಸರ ಸಿಕ್ಕಿತು. ಮತ್ತೆ ಮೇಲೆ ಹುಡುಕಿದೆ. ಕುತ್ತಿಗೆ ಬೆಚ್ಚಗೆ, ನುಣ್ಣಗೆ ಇತ್ತು.

"ಸಿಗ್ತಾ ಇಲ್ಲ," ಎಂದೆ. ಡಾಕ್ಟರ ಎದುರಿಗೇ ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಸುಮತಿ ನನ್ನ ಬೆರಳನ್ನು ಹಾಗೆಯೇ ತನ್ನ ಕೈಯೊಳಗೆ ಹಿಡಿದುಕೊಂಡಳು. "ಎಂತ ಮಾರಾಯ್ರೆ, ನಿಮಗೆ ಬರ್ತಿದ್ದದ್ದು ಅದೊಂದೇ ಕೆಲಸ. ಈಗ ಅದೂ ಹೋಯ್ತಾ?"