ವಾಪಸ್ ಬಂದ ಲಗ್ನಪತ್ರಿಕೆ

ಕಡೂರಿನಲ್ಲಿ ನಮ್ಮದು ಕಾರ್ಡು ಅಚ್ಚು ಹಾಕುವ ಅಂಗಡಿ. ಯಜಮಾನರು ಮೆಷಿನ್ ನೋಡಿಕೊಳ್ಳುತ್ತಾರೆ; ಕಂಪ್ಯೂಟರಿನ ಮುಂದೆ ಕೂತು ಟೈಪು ಮಾಡುವವಳು ನಾನು. ಮನೆಯಲ್ಲಿ ನಾವಾಡುವುದು ದಖನಿ ಉರ್ದು. ಆದರೂ ಲಗ್ನಪತ್ರಿಕೆಯಲ್ಲಿ ಯಾವ ಮಠದ ಸ್ವಾಮಿಗಳ ಹೆಸರು ಎಷ್ಟು ಮೇಲಿರಬೇಕು, ಸೋದರಮಾವಂದಿರ ಹೆಸರು ಎಲ್ಲಿ ಬರಬೇಕು ಎಂಬುದನ್ನು ಈಗ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಬ್ಯಾಕಪ್ ಮಾತ್ರ ಎಷ್ಟು ಹೇಳಿಸಿಕೊಂಡರೂ ತಲೆಗೆ ಹತ್ತಲಿಲ್ಲ. ತರೀಕೆರೆಯಿಂದ ರಿಪೇರಿಗೆ ಬರುವವರು ಹೋದ ವರ್ಷ ಅದನ್ನು ಹಾಕಿಕೊಟ್ಟಿದ್ದರು. ನಾವು ಮಾಡಿದ ಕೆಲಸವೆಲ್ಲ ಇಂಟರ್ನೆಟ್ಟಿನಲ್ಲಿ ಹೋಗಿ ದೂರದಲ್ಲೆಲ್ಲೋ ನಕಲಾಗಿ ಉಳಿಯುತ್ತದೆ, ಇಲ್ಲಿ ಕೆಟ್ಟರೆ ಅಲ್ಲಿಂದ ತರಿಸಿಕೊಳ್ಳಬಹುದು ಎಂದು ವಿವರಿಸಿದರು. ನಾನು ತಲೆಯಾಡಿಸಿದೆ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರ್ ಶುರುವಾಗಲೇ ಇಲ್ಲ. ಹಾರ್ಡ್ ಡಿಸ್ಕ್ ಹೋಗಿತ್ತು. ತರೀಕೆರೆಯವರು ಬಂದು ಹೊಸದು ಹಾಕಿ, ಬ್ಯಾಕಪ್‌ನಿಂದ ಫೈಲುಗಳು ಇಳಿಯಲು ಬಿಟ್ಟು ಹೋದರು.

ಮರುದಿನ ಅಜ್ಜಂಪುರದ ಹೆಂಗಸೊಬ್ಬರು ಪ್ರೂಫ್ ನೋಡಲು ರೈಲಿನಲ್ಲಿ ಬಂದರು. ತಂಗಿಯ ಮಗಳ ಮದುವೆ, ಓಡಾಟವೆಲ್ಲ ಇವರದೇ. ಅವರ ಎದುರಿಗೇ ಫೈಲು ತೆಗೆದೆ. ಅದರಲ್ಲಿ ಒಂದಕ್ಷರ ಕನ್ನಡವಿರಲಿಲ್ಲ. ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು, ನಡುವೆ ಅಂಕಿಗಳು, ತಲೆಕೆಳಗಾದ ಪ್ರಶ್ನೆಚಿಹ್ನೆಗಳು.

"ಇದ್ಯಾವ ಭಾಷೆ ಕಣಮ್ಮಾ?" ಎಂದರು.

ಯಾವುದೋ ದೇಶದವರ ಸಾಮಾನು ಅದಲುಬದಲಾಗಿ ನಮಗೆ ಬಂದಿದೆ ಅನ್ನಿಸಿತು. ಹಾಗಿದ್ದರೆ ಇವರ ಲಗ್ನಪತ್ರಿಕೆ ಈಗ ಯಾರ ಕಂಪ್ಯೂಟರಿನಲ್ಲಿದೆ ಎಂದು ಗಾಬರಿಯಾಯಿತು. ತರೀಕೆರೆಗೆ ಫೋನು ಮಾಡಿದರೆ ಅವರೂ ತಬ್ಬಿಬ್ಬಾದರು. ಅವರ ಲೆಕ್ಕದಲ್ಲಿ ಎಲ್ಲ ಸರಿಯಾಗಿ ಇಳಿದಿತ್ತು. ಫೋನು ಕಿವಿಗಿಟ್ಟುಕೊಂಡೇ ಬೇರೆ ಬೇರೆ ಫೈಲು ತೆಗೆಯುತ್ತಾ ಹೋದೆ. ಹೆಚ್ಚಿನವುಗಳ ನೆತ್ತಿಯ ಮೇಲೆ ಅವೇ ಮೂರು ಗುರುತುಗಳಿದ್ದವು. ಆ ಜಾಗದಲ್ಲಿ ನಾನು ಯಾವಾಗಲೂ ಹಾಕುವುದು 'ಶ್ರೀ'. ಇವು ನನ್ನ ಕಾರ್ಡುಗಳೇ ಇರಬೇಕು ಎಂದೆ.

"ಹಂಗಾದ್ರೆ ಫಾಂಟ್ ಇಲ್ಲ ಕಣಕ್ಕಾ. ನಿಮ್ ಫೈಲ್ ಮಾತ್ರ ಬ್ಯಾಕಪ್ಪಿಗೆ ಹೋಗಿತ್ತು, ಅಕ್ಷರ ಹೋಗಿರ್ಲಿಲ್ಲ."

ಅಕ್ಷರವಿಲ್ಲದೆ ಬರಹ ಹೇಗೆ ಹೋಯಿತು, ಹೇಗೆ ಬಂತು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಅಜ್ಜಂಪುರದವರು ಅಂಗಡಿಯಲ್ಲೇ ಕಾದರು; ತರೀಕೆರೆಯವರು ಮಧ್ಯಾಹ್ನ ಪೆನ್ ಡ್ರೈವಿನಲ್ಲಿ ಫಾಂಟು ತಂದು ಹಾಕಿದ ಮೇಲೆ ಕನ್ನಡ ಕಾಣಿಸಿತು.

ಆದರೆ ಈಗ ಅಜ್ಜಂಪುರದ ಪತ್ರಿಕೆಗಳು ಎರಡಿದ್ದವು. ಬ್ಯಾಕಪ್ ಹೊಸದರ ಜೊತೆಗೆ ಹಳೆಯದನ್ನೂ ಇಟ್ಟುಕೊಂಡಿತ್ತಂತೆ. ನನ್ನ ಕೈ ಹಳೆಯದರ ಮೇಲೆ ಬಿದ್ದಿತ್ತು. ಅದರಲ್ಲಿ ಸೋದರಮಾವಂದಿರ ಸಾಲಿನಲ್ಲಿ ಆಕೆಯ ತಮ್ಮನ ಹೆಸರಿತ್ತು. ಜಮೀನಿನ ಪಾಲಿನ ಜಗಳದಲ್ಲಿ ಅಕ್ಕ-ತಮ್ಮ ಮಾತು ಬಿಟ್ಟಿದ್ದರಿಂದ ಅದನ್ನು ತೆಗೆಯಲು ಆಕೆಯೇ ಫೋನಿನಲ್ಲಿ ಹೇಳಿದ್ದರು, ನಾನು ತೆಗೆದೂ ಇದ್ದೆ.

ಆಕೆ ಕನ್ನಡಕ ಸರಿಮಾಡಿಕೊಂಡು ಓದಿದರು. ತೆಗೆದದ್ದು ಉಳಿದದ್ದು ಹೇಗೆಂದು ಕೇಳಿದರು. ನಾನು ಅಷ್ಟಿಷ್ಟು ಹೇಳಿ ಹೊಸದನ್ನು ತೆಗೆದು ತೋರಿಸಿದೆ. ಆಕೆ ಮತ್ತೆ ಹಳೆಯದನ್ನೇ ನೋಡಬೇಕೆಂದರು. ತಮ್ಮನ ಹೆಸರಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿಕೊಂಡರು.

"ಇದ್ದಿದ್ ಇರ್ಲಿ ಬಿಡಮ್ಮ. ಇದನ್ನೇ ಹಾಕು."

ಮನೆಯವರನ್ನು ಒಂದು ಮಾತು ಕೇಳಿ ಎಂದೆ. ಮನೆಯಲ್ಲಿ ತಾನು ಹೇಳಿಕೊಳ್ಳುತ್ತೇನೆ ಎಂದರು. ಯಜಮಾನರಿಗೆ ಇದು ಹಿಡಿಸಲಿಲ್ಲ. ನಾಳೆ ಅವರ ಕಡೆಯವರು ಬಂದು ನಮ್ಮನ್ನೇ ಕೇಳುತ್ತಾರೆ ಎಂದರು. ನನಗೂ ಅಳುಕಿತ್ತು. ಅಚ್ಚಾಗಿ ಕಾರ್ಡುಗಳು ಹೋದ ಮೇಲೆ, ಅಂಗಡಿಗೆ ಅಜ್ಜಂಪುರದವರು ಯಾರೇ ಬಂದರೂ ಆ ಕಾರ್ಡಿನ ವಿಷಯ ಕೇಳಲೇ ಬಂದರು ಅನ್ನಿಸುತ್ತಿತ್ತು. ಯಾರೂ ಕೇಳಲಿಲ್ಲ.

ಮದುವೆ ಕಳೆದ ಮೇಲೆ ಆಕೆ ಇನ್ಯಾವುದೋ ಕೆಲಸಕ್ಕೆ ಕಡೂರಿಗೆ ಬಂದವರು ಅಂಗಡಿಗೂ ಬಂದರು. ತಮ್ಮ ಬಂದಿದ್ದನಂತೆ. ಅಕ್ಷತೆ ಹಾಕಿ, ಹುಡುಗಿಯ ತಲೆ ಸವರಿ, ಊಟಕ್ಕೆ ನಿಲ್ಲದೆ ಹೊರಟುಹೋದನಂತೆ.

"ಒಳ್ಳೇದಾಯ್ತೋ ಇಲ್ವೋ, ನಂಗೇ ಗೊತ್ತಾಗ್ತಿಲ್ಲ ಕಣಮ್ಮಾ" ಎಂದರು.

ಕುರ್ಚಿ ಎಳೆದು ಅವರನ್ನು ಕೂರಿಸಿ, ಟೀ ತರುವಂತೆ ಯಜಮಾನರಿಗೆ ಹೇಳಿದೆ.